ಎತ್ತರ ಹೇಳುವುದು ರನ್‌ವೇ ಅಂಚಿನ ಓರೆ

ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರ್ ಮುಖದ ಮೇಲೆ ಒಂದು ಸಣ್ಣ ಗೆರೆಗೂ ಮುಂದಿನದಕ್ಕೂ ನಡುವೆ 20 ಅಡಿ. ಸಣ್ಣ ವಿಮಾನದಲ್ಲಿ ಫ್ಲೇರ್, ಅಂದರೆ ಇಳಿಯುವ ಕೊನೆಗೆ ಕಂಟ್ರೋಲ್ ಎಳೆದು ಮೂತಿ ಎತ್ತಿ ಇಳಿತವನ್ನು ನಿಧಾನಿಸುವುದು, ಶುರುವಾಗುವುದೇ ಚಕ್ರಗಳು ನೆಲದಿಂದ 10ರಿಂದ 20 ಅಡಿ ಮೇಲಿರುವಾಗ. ಅಲ್ಲಿ ಆ ಮುಳ್ಳನ್ನು ನಂಬಿ ಪ್ರಯೋಜನವಿಲ್ಲ, ಕಣ್ಣೇ ಅಳೆಯಬೇಕು.

ಕಣ್ಣು ಅಳೆಯುವುದು ಹೆಚ್ಚಾಗಿ ರನ್‌ವೇಯ ಎರಡು ಅಂಚುಗಳ ಓರೆಯಿಂದ. ಮೇಲಿದ್ದಾಗ ಅವು ಕಡಿದಾಗಿ ನಿಂತಿರುತ್ತವೆ, ಇಳಿಯುತ್ತಾ ಬಂದಂತೆ ಎರಡೂ ಕಡೆಗೆ ಮಲಗುತ್ತವೆ. 30 ಮೀಟರ್ ಅಗಲದ ರನ್‌ವೇ ತೆಗೆದುಕೊಳ್ಳಿ. ಕಣ್ಣು 15 ಮೀಟರ್ ಮೇಲಿದ್ದರೆ ಪ್ರತಿ ಅಂಚೂ ಲಂಬ ಗೆರೆಯಿಂದ 45 ಡಿಗ್ರಿ ಓರೆ; 6 ಮೀಟರಿಗೆ ಬಂದಾಗ ಸುಮಾರು 68 ಡಿಗ್ರಿ. ಕಣ್ಣು ಚಕ್ರಕ್ಕಿಂತ 2 ಮೀಟರ್ ಮೇಲಿದೆ ಎಂದುಕೊಂಡರೆ ಚಕ್ರ ಆಗ ಸುಮಾರು 13 ಅಡಿ, ಅಂದರೆ 4 ಮೀಟರ್‌ನಲ್ಲಿ. ಫ್ಲೇರ್‌ಗೆ ಸರಿಯಾದ ಜಾಗ.

ತೊಂದರೆ ಬರುವುದು ಅಗಲ ಬದಲಾದಾಗ. 18 ಮೀಟರ್ ಅಗಲದ ರನ್‌ವೇಯಲ್ಲಿ ಅದೇ 68 ಡಿಗ್ರಿ ಕಾಣುವುದು ಕಣ್ಣು 3.6 ಮೀಟರಿಗೆ ಇಳಿದ ಮೇಲೆ; ಚಕ್ರಕ್ಕೂ ನೆಲಕ್ಕೂ ಉಳಿದಿರುವುದು ಒಂದೂವರೆ ಮೀಟರ್ ಚಿಲ್ಲರೆ. ಎಳೆಯುವಷ್ಟರಲ್ಲಿ ಚಕ್ರ ಬಡಿಯುತ್ತದೆ. 45 ಮೀಟರ್ ಅಗಲವಿದ್ದರೆ ಅದೇ ಚಿತ್ರ 9 ಮೀಟರ್‌ನಲ್ಲೇ ಕಾಣುತ್ತದೆ: ಬೇಗ ಎಳೆದು, ವೇಗ ಕಳೆದುಕೊಂಡು, ಮೇಲಿಂದ ಧೊಪ್ಪನೆ ಬೀಳುವ ಅಪಾಯ. ಹಾಗಾಗಿ ಹೊಸ ಜಾಗಕ್ಕೆ ಹೊರಡುವ ಮುನ್ನ ಉದ್ದದಷ್ಟೇ ಅಗಲವನ್ನೂ ನೋಡಿಕೊಳ್ಳಿ.

ಇನ್ನೊಂದು ಗುರುತು ನನಗೆ ಬಹಳ ಇಷ್ಟ. ಸಮತಟ್ಟಾದ ನೆಲದಲ್ಲಿ ದಿಗಂತ ಯಾವಾಗಲೂ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಪಕ್ಕದಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಸೂರು ದಿಗಂತದ ಗೆರೆಯನ್ನು ಮುಟ್ಟಿತೆಂದರೆ ಕಣ್ಣು ಆ ಸೂರಿನ ಎತ್ತರಕ್ಕೆ ಇಳಿದಿದೆ ಎಂದೇ ಅರ್ಥ. ಗುಡ್ಡ, ಇಳಿಜಾರು ಇದ್ದಲ್ಲಿ ಈ ಲೆಕ್ಕ ನಡೆಯದು.

ನೋಟ ಎಲ್ಲಿರಬೇಕು? ರನ್‌ವೇ ಶುರುವಾಗುವ ಗೆರೆ, ಅಂದರೆ ಥ್ರೆಶೋಲ್ಡ್, ದಾಟುವವರೆಗೆ ಇಳಿಯಬೇಕೆಂದುಕೊಂಡ ಬಿಂದುವಿನ ಮೇಲೆ; ಫ್ಲೇರ್ ಶುರುವಾದೊಡನೆ ರನ್‌ವೇಯ ಆ ತುದಿಗೆ. ಮೂತಿಯ ಮುಂದೆಯೇ ದಿಟ್ಟಿಸಿದರೆ ನೆಲ ಮಸುಕಾಗಿ ಓಡುತ್ತದೆ, ಕೈ ಗಾಬರಿಯಿಂದ ಎಳೆಯುತ್ತದೆ. ತುದಿಯನ್ನು ನೋಡುತ್ತಿರುವಾಗ ಅಂಚುಗಳು ಮಲಗುವುದು ಕಡೆಗಣ್ಣಿಗೆ ತಾನಾಗಿ ಗೊತ್ತಾಗುತ್ತದೆ. ರಾತ್ರಿ ಹೊತ್ತು ನೆಲದ ಒರಟುತನ ಕಾಣದು, ಆಗ ಅಂಚಿನ ದೀಪಗಳ ಸಾಲೇ ಆಧಾರ.

ಬೇಗ ಎಳೆದು ವಿಮಾನ ಮೇಲೆದ್ದರೆ ಮೂತಿಯನ್ನು ಕೆಳಕ್ಕೆ ತಳ್ಳಬೇಡಿ, ಮುಂದಿನ ಚಕ್ರ ಮೊದಲು ಬಡಿಯುತ್ತದೆ. ಸ್ವಲ್ಪವೇ ಎದ್ದಿದ್ದರೆ ಮೂತಿ ಹಿಡಿದಿಟ್ಟು ತುಸು ಪವರ್ ಕೊಡಿ. ಹೆಚ್ಚು ಎದ್ದಿದ್ದರೆ ಪೂರ್ತಿ ಪವರ್ ಕೊಟ್ಟು ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ.