ಬೇಡ ಅಂದ್ರೆ ತೆಗೆಸ್ಲಿಕ್ಕೆ ಆಗ್ತದಾ?

ಈ ವಾರ ಬದಿಯಡ್ಕದ ಹತ್ತಿರದ ಒಂದು ಗ್ಯಾರೇಜಿನಲ್ಲಿ ಕೇಳಿದ ಮಾತು ಇನ್ನೂ ತಲೆಯಲ್ಲಿ ತಿರುಗುತ್ತಾ ಇದೆ. ಹೊಸ ಡಬಲ್ ಕ್ಯಾಬಿನ್ ಪಿಕಪ್ ತೆಗೆದುಕೊಳ್ಳುವ ಯೋಚನೆಯಲ್ಲಿರುವ ಶೆಟ್ರೊಬ್ಬರು ಮೈಲ್ಡ್ ಹೈಬ್ರಿಡ್, ಅಂದರೆ ಎಂಜಿನ್ನಿಗೆ ಕೈಜೋಡಿಸುವ ಸಣ್ಣ ಮೋಟಾರ್ ಮತ್ತು ಬ್ಯಾಟರಿಯ ವ್ಯವಸ್ಥೆಯ ಬಗ್ಗೆ ಮೆಕ್ಯಾನಿಕನ ಹತ್ತಿರ ಕೇಳಿದರು: "ಅಲ್ಲ ಮಾರಾಯ, ಆ ಮೈಲ್ಡ್ ಹೈಬ್ರಿಡ್ ನನಗೆ ಬೇಡ ಅಂದ್ರೆ ತೆಗೆಸ್ಲಿಕ್ಕೆ ಆಗ್ತದಾ?" ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ ಅವನು ಹೇಳಿದ: "ತೆಗೆದು ಬದಿಗಿಟ್ರೆ ಗಾಡಿಯನ್ನೂ ಅದರ ಹತ್ರವೇ ಇಡ್ಬೇಕಾದೀತು ಶೆಟ್ರೇ."

ಅಲ್ಲಿದ್ದವರೆಲ್ಲ ನಕ್ಕರು. ಶೆಟ್ರು ನಗಲಿಲ್ಲ. ಅವರು ಹಟದ ಮನುಷ್ಯ ನಿಜ, ಆದರೆ ಸುಮ್ಮನೆ ಬಾಯಿಗೆ ಬಂದದ್ದು ಕೇಳುವವರಲ್ಲ. ದುಬೈಯಲ್ಲಿ ಟೊಯೋಟಾದ ಹೈಲಕ್ಸ್ ಪಿಕಪ್ ಓಡಿಸಿ ಬಂದವರು. ಅಮೆರಿಕದ ಪಿಕಪ್ ಸುದ್ದಿಯನ್ನು ಈಗಲೂ ಬಿಡದೆ ನೋಡುತ್ತಾರೆ. ರ‍್ಯಾಮ್ 1500ರಲ್ಲಿ 2025ರ ಮಾಡೆಲ್‌ಗೆ ನಿಂತುಹೋಗಿದ್ದ 5.7 ಲೀಟರಿನ ಹೆಮಿ ವಿ8 ಎಂಜಿನ್ 2026ರ ಮಾಡೆಲ್‌ಗೆ ವಾಪಸ್ ಬಂತು, ಆದರೆ ಇ-ಟಾರ್ಕ್ ಎಂಬ 48 ವೋಲ್ಟಿನ ಮೈಲ್ಡ್ ಹೈಬ್ರಿಡ್ ವ್ಯವಸ್ಥೆ ಜೊತೆಗೇ ಬಂತು, ಆಗ ಅದಿಲ್ಲದೆ ಕೊಡಲಿಲ್ಲ ಎಂಬುದು ಅವರಿಗೆ ಗೊತ್ತು. ಎಂಜಿನ್ ಬಂತೆಂದು ಕುಣಿದವರೇ ಇದು ಯಾಕೆ ಕಡ್ಡಾಯ ಎಂದು ಸಿಟ್ಟಾದರು. ನಮ್ಮಲ್ಲಿ 2025ರ ಜೂನ್‌ನಲ್ಲಿ ಟೊಯೋಟಾದ್ದೇ ಆದ ಫಾರ್ಚೂನರ್ ಮತ್ತು ಲೆಜೆಂಡರ್‌ಗೆ 48 ವೋಲ್ಟಿನ ನಿಯೋ ಡ್ರೈವ್ ಎಂಬ ಮೈಲ್ಡ್ ಹೈಬ್ರಿಡ್ ಬಂದಿದೆ. ಅದೇ 2.8 ಲೀಟರಿನ ಡೀಸೆಲ್ ಎಂಜಿನ್ ಹೈಲಕ್ಸ್‌ನಲ್ಲೂ ಇರುವುದು. ನಾಳೆ ಪಿಕಪ್‌ಗೂ ಬಂದರೆ ಎಂಬ ಅವರ ಅನುಮಾನಕ್ಕೆ ಬುಡ ಇದೆ.

ಮೆಕ್ಯಾನಿಕ್ ಹೇಳಿದ್ದು ಸರಿಯೇ, ಯಾಕೆ ಸರಿ ಅಂತ ಮಾತ್ರ ಅವನು ವಿವರಿಸಲಿಲ್ಲ. ಎಂಜಿನ್ ಕೆಲಸದಲ್ಲಿ ಈ ಬದಿಯಲ್ಲಿ ಅವನಷ್ಟು ಕೈ ಕುದುರಿದವರು ಕಡಿಮೆ. ವಯರಿಂಗ್ ಅಂದರೆ ಮಾತ್ರ ಅವನಿಗೆ ತಾತ್ಸಾರ.

ಗಾಡಿಗೆ ಕರೆಂಟ್ ಮಾಡುವ ಆಲ್ಟರ್ನೇಟರ್ ಇರುತ್ತಿದ್ದ ಜಾಗದಲ್ಲಿ ಈಗ ಒಂದು ಮೋಟಾರ್-ಜನರೇಟರ್ ಕೂತಿದೆ. ಬೆಲ್ಟಿನ ಮೂಲಕ ಅದು ಎಂಜಿನ್ನಿಗೆ ಬಲ ಕೊಡುತ್ತದೆ, ಬ್ರೇಕ್ ಹಿಡಿದಾಗ ಎಂಜಿನ್ನಿಂದ ಕರೆಂಟ್ ಎಳೆಯುತ್ತದೆ. ಆ ಕರೆಂಟ್ 48 ವೋಲ್ಟಿನ ಲಿಥಿಯಂ ಬ್ಯಾಟರಿಗೆ ಹೋಗಿ, ಅಲ್ಲಿಂದ ಡಿಸಿ-ಡಿಸಿ ಕನ್ವರ್ಟರ್ ಮೂಲಕ 12 ವೋಲ್ಟಿಗೆ ಇಳಿದು ಲೈಟು, ಹಾರ್ನು, ಇಸಿಯು ಎಂಬ ಗಾಡಿಯ ಕಂಪ್ಯೂಟರು, ಮಾಮೂಲಿ ಬ್ಯಾಟರಿ ಎಲ್ಲಕ್ಕೂ ಸಿಗುತ್ತದೆ. ಅಂದರೆ ಆಲ್ಟರ್ನೇಟರ್ ಬೇರೆ ಇಲ್ಲವೇ ಇಲ್ಲ. ಕನ್ವರ್ಟರ್ ಕಳಚಿದರೆ 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವುದು ನಿಂತಿತು. ಒಂದಷ್ಟು ದೂರ ಓಡಿ ಗಾಡಿಯೂ ನಿಂತಿತು. ಡ್ಯಾಶ್‌ಬೋರ್ಡಿನಲ್ಲಿರುವ ಸ್ಟಾರ್ಟ್-ಸ್ಟಾಪ್ ಆಫ್ ಬಟನ್ ಒತ್ತಿದರೆ ಎಂಜಿನ್ ತಾನಾಗಿ ಆರುವುದು ನಿಲ್ಲುತ್ತದೆ ಅಷ್ಟೆ. ಮೋಟಾರ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಹೊರದೇಶದ 48 ವೋಲ್ಟ್ ಹೈಲಕ್ಸ್‌ನಲ್ಲಿ ಈ ಮೋಟಾರ್ ಕೊಡುವುದು 12 ಕಿಲೋವ್ಯಾಟ್ ಶಕ್ತಿ, ತಿರುಗಿಸುವ ಬಲ (ಟಾರ್ಕ್) 65 ಎನ್‌ಎಂ. ಬ್ಯಾಟರಿಯ ತೂಕ 7.6 ಕಿಲೋ, ಹಿಂದಿನ ಸೀಟಿನ ಅಡಿಯಲ್ಲಿ ಇದೆ. ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗ (ಐಡಲ್) 720ರಿಂದ 600 ಆರ್‌ಪಿಎಮ್‌ಗೆ ಇಳಿದಿದೆ. ಒಂದು ಟನ್ ಹೇರು, 3.5 ಟನ್ ಎಳೆತ, 700 ಮಿಲಿಮೀಟರ್ ನೀರು ದಾಟುವ ಶಕ್ತಿ ಎಲ್ಲ ಹಾಗೆಯೇ ಉಳಿದಿವೆ. ಮಳೆಗಾಲದಲ್ಲಿ ಶಾಕ್ ಹೊಡೆದರೆ ಎಂದು ಗ್ಯಾರೇಜಿನಲ್ಲಿ ಇನ್ನೊಬ್ಬರು ಹೆದರಿದ್ದರು. ವಾಹನಗಳಲ್ಲಿ 60 ವೋಲ್ಟ್ ಡಿಸಿಗಿಂತ ಮೇಲಿನದಕ್ಕೆ ಹೈ ವೋಲ್ಟೇಜ್ ಎನ್ನುವುದು, ಇದು ಅದರ ಕೆಳಗಿದೆ. ಮುಟ್ಟಿದ ಮಾತ್ರಕ್ಕೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಆದರೆ ಎರಡು ಟರ್ಮಿನಲ್ ನಡುವೆ ಸ್ಪಾನರ್ ತಾಗಿದರೆ 12 ವೋಲ್ಟಿಗಿಂತ ಜೋರಾಗಿ ಕಿಡಿ ಹಾರಿ ಕೈ ಸುಡುತ್ತದೆ.

ಶೆಟ್ರ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು: ನನಗೆ ಇದರಿಂದ ಎಂತ ಸಿಗ್ತದೆ? ಅದಕ್ಕೆ ಲೆಕ್ಕವೇ ಉತ್ತರ. ಟೊಯೋಟಾ ಕಂಪನಿಯೇ ಹೇಳುವ ಉಳಿತಾಯ ದೇಶಕ್ಕೆ ತಕ್ಕಂತೆ ಶೇ. 5ರಿಂದ 10ರ ತನಕ. ವರ್ಷಕ್ಕೆ 15,000 ಕಿಲೋಮೀಟರ್, ಲೀಟರಿಗೆ 12 ಕಿಲೋಮೀಟರ್ ಹಿಡಿಯಿರಿ, 1,250 ಲೀಟರ್ ಆಯಿತು. ಶೇ. 5 ಎಂದರೆ 62 ಲೀಟರ್ ಚಿಲ್ಲರೆ. ಲೀಟರಿಗೆ 95 ರೂಪಾಯಿ ಅಂತ ಇಟ್ಟರೆ ವರ್ಷಕ್ಕೆ ಸುಮಾರು 6,000, ಶೇ. 10 ಆದರೆ 12,000. ಅದೂ ನಿಂತು ನಿಂತು ಹೋಗುವ ಊರಿನಲ್ಲಿ. ಮಂಗಳೂರಿನ ಪಂಪ್‌ವೆಲ್‌ನಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವವರಿಗೆ ಇದು ಲಾಭ. ನೀರ್ಚಾಲಿನಿಂದ ಮುಳ್ಳೇರಿಯಕ್ಕೆ, ಪೆರ್ಲದಿಂದ ಪುತ್ತೂರಿಗೆ ಅಡಿಕೆ ಹೇರಿಕೊಂಡು ಹೋಗುವವರಿಗೆ ದಾರಿಯಲ್ಲಿ ಎಷ್ಟು ಸಿಗ್ನಲ್ ಸಿಗುತ್ತದೆ?

ಘಾಟಿ ಇಳಿಯುವಾಗ ಬ್ಯಾಟರಿ ತುಂಬುತ್ತದಲ್ಲ, ಬ್ರೇಕೂ ಉಳಿಯಿತು ಎಂದು ಶೋರೂಮಿನ ಹುಡುಗ ಶೆಟ್ರಿಗೆ ಹೇಳಿದ್ದನಂತೆ. ಈ ಮಾತು ಅಪಾಯದ್ದು. ಆ ಅಮೆರಿಕದ ಪಿಕಪ್ಪಿನ ಇ-ಟಾರ್ಕ್‌ನ ಬ್ಯಾಟರಿ ಇಡೀ 430 ವ್ಯಾಟ್-ಅವರ್. ಹೇರು ಸೇರಿ ಮೂರು ಟನ್ ಇರುವ ಗಾಡಿ ಬರೀ 53 ಮೀಟರ್ ಎತ್ತರ ಇಳಿದರೆ ಅಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಭಾಗಮಂಡಲದಿಂದ ಕರಿಕೆ ಮಾರ್ಗವಾಗಿ ಪಾಣತ್ತೂರಿಗೆ ಇಳಿಯುವವರು ಇದರ ಎಷ್ಟೋ ಪಟ್ಟು ಎತ್ತರ ಇಳಿಯುತ್ತಾರೆ. ಬ್ಯಾಟರಿ ತುಂಬಿದ ಮೇಲೆ ಅದರಿಂದ ಬ್ರೇಕಿಗೆ ಸಹಾಯ ಇಲ್ಲ. ಮೊದಲಿನಂತೆ ಕೆಳಗಿನ ಗೇರಿನಲ್ಲಿ ಎಂಜಿನ್ ಬ್ರೇಕಿನಲ್ಲೇ ಇಳಿಸಬೇಕು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಇದನ್ನು ಕಲಿಸಿಲ್ಲ. ಹೇರು ಹಾಕಿ ಘಾಟಿ ಇಳಿಯುವವನಿಗೆ ಗಾಡಿ ಮಾರುವವರು ಕಲಿಸಲೇಬೇಕಿತ್ತು.

ಹಾಗಾದರೆ ಕಡ್ಡಾಯ ಯಾಕೆ? ಒಬ್ಬೊಬ್ಬ ಗಿರಾಕಿಗೆ ಸಿಗುವ ಉಳಿತಾಯ ನೋಡಿ ಮಾಡಿದ ತೀರ್ಮಾನ ಅಲ್ಲ ಇದು. ಕಂಪನಿ ಮಾರಿದ ಎಲ್ಲ ಗಾಡಿಗಳ ಹೊಗೆಯ ಸರಾಸರಿ ನೋಡುವ ಕಾನೂನುಗಳು ಬಂದಿವೆ. ಆಸ್ಟ್ರೇಲಿಯಾದಲ್ಲಿ ಅಂಥದ್ದು 2025ರ ಜನವರಿ 1ಕ್ಕೆ ಜಾರಿಗೆ ಬಂತು. ಬೇಕಾದವರು ತೆಗೆದುಕೊಳ್ಳಿ ಎಂದರೆ ಪಿಕಪ್ ಗಿರಾಕಿ ತೆಗೆದುಕೊಳ್ಳುವುದಿಲ್ಲ, ಸರಾಸರಿ ಇಳಿಯುವುದಿಲ್ಲ. ಮೇಲಿಂದ ಎರಡು ನಮೂನೆ ಬ್ರಾಕೆಟ್, ಎರಡು ನಮೂನೆ ವಯರಿಂಗ್, ಎರಡು ಸಲ ಪರೀಕ್ಷೆ. ಎಲ್ಲದಕ್ಕೂ ಒಂದನ್ನೇ ಹಾಕುವುದು ಕಂಪನಿಗೆ ಸಸಾರ. ಹೊಗೆ ಕಡಿಮೆಯಾಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸರಾಸರಿಯ ಲಾಭ ಕಂಪನಿಗೆ, ವಾರಂಟಿ ಮುಗಿದ ಮೇಲಿನ ರಿಪೇರಿ ಗಿರಾಕಿಗೆ. ಶೆಟ್ರ ಸಿಟ್ಟು ಬ್ಯಾಟರಿಯ ಮೇಲಲ್ಲ, ಈ ಹಂಚಿಕೆಯ ಮೇಲೆ. ಆ ಸಿಟ್ಟು ನ್ಯಾಯದ್ದು.

ಹೊಗೆಯ ಬಿಎಸ್6 ನಿಯಮ ಬಂದಾಗ ಇದೇ ಆಯಿತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಡೀಸೆಲ್ ಗಾಡಿಯನ್ನು ಬರೀ ಎರಡು ಮೂರು ಕಿಲೋಮೀಟರಿನ ಓಡಾಟಕ್ಕೆ ಇಟ್ಟುಕೊಂಡರೆ ಫಿಲ್ಟರಿನ ಮಸಿ ಸುಡುವಷ್ಟು ಬಿಸಿಯೇ ಬರುವುದಿಲ್ಲ, ಕಟ್ಟಿಕೊಳ್ಳುತ್ತದೆ. ಇದನ್ನು ಮಾರುವಾಗಲೇ ಹೇಳಬಹುದಿತ್ತು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡಿಸಿದವರು ಗ್ಯಾರೇಜಿನಲ್ಲಿ ಕಲಿತರು.

ಮೈಲ್ಡ್ ಹೈಬ್ರಿಡ್‌ನಲ್ಲಿ ಕೈಕೊಡುವ ಭಾಗಗಳು ಯಾವುವು ಎಂದು ಊಹಿಸುವುದು ಕಷ್ಟವಲ್ಲ. ಮೊದಲನೆಯದು ಬೆಲ್ಟು ಮತ್ತು ಅದನ್ನು ಬಿಗಿ ಹಿಡಿಯುವ ಟೆನ್ಷನರ್. ಹಳೆಯ ಬೆಲ್ಟಿಗೆ ಎಳೆತ ಒಂದೇ ಬದಿಗೆ. ಇಲ್ಲಿ ಒಮ್ಮೆ ಎಂಜಿನ್ ಮೋಟಾರನ್ನು ಎಳೆಯುತ್ತದೆ, ಒಮ್ಮೆ ಮೋಟಾರ್ ಎಂಜಿನ್ನನ್ನು. ಅದಕ್ಕೇ ಎರಡೂ ಬದಿಗೆ ಒತ್ತುವ ಟೆನ್ಷನರ್. ಉದ್ದ ಸರಿಹೋಗುತ್ತದೆಂದು ಅಗ್ಗದ ಬೆಲ್ಟ್ ಹಾಕಿದರೆ ಜಾರಿ ಕಿರುಗುಟ್ಟುತ್ತದೆ. 12 ವೋಲ್ಟಿನ ಬ್ಯಾಟರಿ ಬದಲಿಸುವಾಗಲೂ ಸ್ಟಾರ್ಟ್-ಸ್ಟಾಪ್ ಗಾಡಿಗೆಂದೇ ಮಾಡಿದ ಎಜಿಎಂ ಅಥವಾ ಇಎಫ್‌ಬಿ ಇದ್ದಲ್ಲಿ ಅದನ್ನೇ ಹಾಕಬೇಕು. ಸೀಟಿನ ಅಡಿ ಅಥವಾ ಹಿಂದೆ ಗಾಳಿಯಿಂದ ತಣಿಯುವ ಬ್ಯಾಟರಿಯಿದ್ದರೆ ಗಾಳಿ ಹೋಗುವ ಕಿಂಡಿಗೆ ಗೊಬ್ಬರದ ಚೀಲ, ಹಳೇ ಟರ್ಪಾಲು ತುರುಕಬಾರದು. ಬಿಸಿಯಾದರೆ ವ್ಯವಸ್ಥೆ ತಾನೇ ಸಹಾಯ ಕಡಿಮೆ ಮಾಡುತ್ತದೆ. ಉಪ್ಪಳ, ಕುಂಬಳೆಯ ಕಡಲ ಗಾಳಿಗೆ ಕನೆಕ್ಟರಿನೊಳಗೆ ಪಾಚಿ ಬಣ್ಣದ ಕಿಲುಬು ಹಿಡಿಯುವುದನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಗೂಡು ಮಾಡುವ ಇಲಿ ವಯರಿಂಗ್ ಕಡಿದರೆ ಟೇಪು ಸುತ್ತಿ ಸುಧಾರಿಸುವ ಕಾಲ ಮುಗಿಯಿತು.

ನಮ್ಮಲ್ಲಿ ಗಾಡಿ ಬಂದ ವಾರದೊಳಗೆ ಕ್ಯಾರಿಯರ್, ಗಾರ್ಡ್ ವೆಲ್ಡಿಂಗ್ ಮಾಡಿಸುವುದು ಮಾಮೂಲು. ಅದಕ್ಕೆ ಮೊದಲು 12 ವೋಲ್ಟಿನ ನೆಗೆಟಿವ್ ಕಳಚಿದರೆ ಸಾಲದು, 48 ವೋಲ್ಟಿನ ಬ್ಯಾಟರಿಯನ್ನೂ ಮ್ಯಾನ್ಯುವಲ್ ಹೇಳಿದ ಕ್ರಮದಲ್ಲಿ ಬೇರ್ಪಡಿಸಬೇಕು. ಇಲ್ಲದಿದ್ದರೆ ಕನ್ವರ್ಟರ್, ಇಸಿಯು ಹೋದಾವು. ಬೆಲ್ಟಿನ ಹತ್ತಿರ ಕೈ ಹಾಕುವ ಮುಂಚೆ ಕೀಲಿ ಜೇಬಿನಲ್ಲಲ್ಲ, ಗಾಡಿಯಿಂದ ದೂರ ಇರಬೇಕು. ಆರಿದಂತೆ ಕಾಣುವ ಎಂಜಿನ್ ತಾನಾಗಿ ತಿರುಗಬಲ್ಲದು.

ಇದನ್ನೆಲ್ಲ ಬದಿಯಡ್ಕದ, ಮುಳ್ಳೇರಿಯದ ಮೆಕ್ಯಾನಿಕ್‌ಗಳಿಗೆ ಕಲಿಸುವವರು ಯಾರು? ದೋಷ ಹುಡುಕುವ ಸ್ಕ್ಯಾನರ್ ಶೋರೂಮಿನಲ್ಲಿದೆ, ಶೋರೂಮು ಪೇಟೆಯಲ್ಲಿದೆ. ಗಾಡಿ ನಿಲ್ಲುವುದು ಬಂದಡ್ಕದ ಏರಿನಲ್ಲಿ. ಕಡ್ಡಾಯ ಮಾಡುವವರು ಅದನ್ನು ಬಿಚ್ಚಿ ಕಟ್ಟುವ ವಿದ್ಯೆಯನ್ನೂ ಊರಿಗೆ ಮುಟ್ಟಿಸಬೇಕು, ಅದೂ ಕಡ್ಡಾಯವಾಗಿಯೇ.

ಶೆಟ್ರು ಇನ್ನೂ ಬುಕ್ ಮಾಡಿಲ್ಲ. ಅಂಥ ಗಾಡಿ ಬಂದರೆ ಶೋರೂಮಿನಿಂದ ಏನೇನು ಬರೆಸಿಕೊಳ್ಳಬೇಕೆಂದು ಒಂದು ಚೀಟಿ ಮಾಡಿಕೊಂಡು ಹೋದರು. 48 ವೋಲ್ಟಿನ ಬ್ಯಾಟರಿಗೆ, ಮೋಟಾರಿಗೆ, ಕನ್ವರ್ಟರಿಗೆ ಪ್ರತ್ಯೇಕವಾಗಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ವಾರಂಟಿ. ವಾರಂಟಿ ಮುಗಿದ ಮೇಲೆ ಒಂದೊಂದರ ಇವತ್ತಿನ ಬೆಲೆ ಎಷ್ಟು. ಬೆಲ್ಟ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಅದನ್ನು ಹೊರಗೆ ಮಾಡಿಸಿದರೆ ವಾರಂಟಿ ಉಳಿಯುತ್ತದೋ ಇಲ್ಲವೋ. ಬಾಯಿಮಾತು ಬೇಡ, ಸೀಲು ಸಹಿ ಹಾಕಿದ ಕಾಗದವೇ ಬೇಕು ಎಂದು ಕೆಳಗೆ ಬರೆದುಕೊಂಡಿದ್ದಾರೆ.