ನಮ್ಮ ಮಕ್ಕಳಿಗೆ ಚೀನೀ ಹೆಸರು ಹುಡುಕಿದ ಬಗೆ

ಶಾಂಘೈಯಲ್ಲಿ ನೆಲೆಸಿರುವ ಭಾರತೀಯ ಕುಟುಂಬಗಳಲ್ಲಿ ಮಕ್ಕಳನ್ನು ಅಂತರರಾಷ್ಟ್ರೀಯ ಶಾಲೆಗೆ ಸೇರಿಸಿದವರಿಗೆ ಚೀನೀ ಹೆಸರಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ನಾವು ಐದು ವರ್ಷದ ಮಗಳನ್ನೂ ಮೂರು ವರ್ಷದ ಮಗನನ್ನೂ ನಮ್ಮ ಬಡಾವಣೆಯ ಚೀನೀ ಶಿಶುವಿಹಾರಕ್ಕೆ ಕಳುಹಿಸಲು ನಿರ್ಧರಿಸಿದ್ದರಿಂದ ಹೆಸರಿನ ಪ್ರಶ್ನೆ ಎದುರಾಯಿತು. ಪಾಸ್‌ಪೋರ್ಟಿನಲ್ಲಿ ಅವರ ಕನ್ನಡದ ಹೆಸರೇ ಇದೆ, ಮುಂದೆಯೂ ಇರುತ್ತದೆ. ಆದರೆ ತರಗತಿಯಲ್ಲಿ ಕೂಗುವುದಕ್ಕೆ, ಬಿಡಿಸಿದ ಚಿತ್ರದ ಮೂಲೆಯಲ್ಲಿ ಬರೆಯುವುದಕ್ಕೆ, ನೀರಿನ ಬಾಟಲಿಯ ಮೇಲೆ ಅಂಟಿಸುವುದಕ್ಕೆ ಚೀನೀ ಅಕ್ಷರಗಳ ಒಂದು ಹೆಸರು ಬೇಕಾಗಿತ್ತು.

ಇದಕ್ಕೆ ಒಂದು ಸುಲಭದ ದಾರಿಯಿದೆ. ನಮ್ಮ ಹೆಸರನ್ನು ಬಿಡಿಬಿಡಿಯಾಗಿ ಒಡೆದು, ಪ್ರತಿ ತುಣುಕಿಗೂ ಉಚ್ಚಾರಣೆಯಲ್ಲಿ ಹತ್ತಿರವಾದ ಒಂದು ಚೀನೀ ಅಕ್ಷರವನ್ನು ಕೂರಿಸುವುದು. ಇಲ್ಲಿಯ ಪತ್ರಿಕೆಗಳು ಹೊರದೇಶದ ನಾಯಕರ ಹೆಸರನ್ನು ಬರೆಯುವುದೇ ಹೀಗೆ. ಇದು ಬಹಳ ಹಳೆಯ ಪದ್ಧತಿಯೂ ಹೌದು. ಏಳನೆಯ ಶತಮಾನದಲ್ಲಿ ಭಾರತದಲ್ಲಿ ಸಂಚರಿಸಿದ ಷುವಾನ್‌ಜಾಂಗ್, ಎಂದರೆ ನಮ್ಮ ಪಠ್ಯಪುಸ್ತಕಗಳ ಹ್ಯೂಯೆನ್‌ತ್ಸಾಂಗ್, ಬಾದಾಮಿಯ ಇಮ್ಮಡಿ ಪುಲಕೇಶಿಯ ಹೆಸರನ್ನು ನಾಲ್ಕು ಅಕ್ಷರಗಳಲ್ಲಿ ದಾಖಲಿಸಿದ್ದಾನೆ. ಇಂದಿನ ಮ್ಯಾಂಡರಿನ್‌ನಲ್ಲಿ ಓದಿದರೆ ಅದು ಹೆಚ್ಚುಕಡಿಮೆ ಬು-ಲುವೊ-ಜಿ-ಷೆ ಎಂದು ಕೇಳಿಸುತ್ತದೆ. ಅರಸನೊಬ್ಬನನ್ನು ದೂರದಿಂದ ವರ್ಣಿಸಲು ಅಷ್ಟು ಸಾಕು. ಆದರೆ ಅದೇ ಊರಿನ ಮಕ್ಕಳ ನಡುವೆ ಆಡಿ ಬೆಳೆಯಬೇಕಾದ ಮಗುವಿಗೆ ಅದು ಸಾಲದೆಂದು ನನಗೂ ನನ್ನ ಹೆಂಡತಿಗೂ ಅನ್ನಿಸಿತು. ಚೀನೀ ಹೆಸರೆಂದರೆ ಸಾಮಾನ್ಯವಾಗಿ ಮೊದಲು ಒಂದಕ್ಷರದ ಮನೆತನದ ಹೆಸರು, ಅದರ ಹಿಂದೆ ಒಂದೋ ಎರಡೋ ಅಕ್ಷರದ ಸ್ವಂತ ಹೆಸರು. ಅದಕ್ಕಿಂತ ಉದ್ದವಾದ, ಅಕ್ಷರಗಳು ಒಂದಕ್ಕೊಂದು ಅರ್ಥದಲ್ಲಿ ಹೊಂದದ ಹೆಸರನ್ನು ಕಂಡೊಡನೆ ಓದುವವರಿಗೆ ಇವರು ಹೊರಗಿನವರೆಂದು ತಿಳಿಯುತ್ತದೆ. ನಾವು ಹೊರಗಿನವರೇ ನಿಜ. ಆದರೂ ಮಕ್ಕಳ ಹೆಸರು ಪ್ರತಿದಿನ ಅದನ್ನೇ ಮೊದಲು ಹೇಳಬೇಕಾಗಿಲ್ಲ.

ಭಾರತೀಯರು ಚೀನೀ ಹೆಸರು ಪಡೆದುಕೊಂಡ ಉದಾಹರಣೆಗಳನ್ನು ನೋಡಿದಾಗ ನಮಗೆ ಧೈರ್ಯ ಬಂದಿತು. 1924ರಲ್ಲಿ ಬೀಜಿಂಗಿನಲ್ಲಿ ರವೀಂದ್ರನಾಥ ಠಾಕೂರರ ಹುಟ್ಟುಹಬ್ಬ ನಡೆದಾಗ ವಿದ್ವಾಂಸ ಲಿಯಾಂಗ್ ಛಿಛಾವೊ ಅವರು ಠಾಕೂರರಿಗೆ ಜು ಜೆನ್‌ದಾನ್ ಎಂಬ ಹೆಸರನ್ನು ಕೊಟ್ಟರು. ಜು ಎಂಬುದು ಭಾರತಕ್ಕೆ ಚೀನೀಯರು ಬಳಸುತ್ತಿದ್ದ ತಿಯೆನ್‌ಜು ಎಂಬ ಹಳೆಯ ಹೆಸರಿನ ತುಣುಕು. ಹಿಂದಿನ ಕಾಲದಲ್ಲಿ ಭಾರತದಿಂದ ಬಂದ ಬೌದ್ಧ ಭಿಕ್ಷುಗಳು ಅದನ್ನೇ ಮನೆತನದ ಹೆಸರಾಗಿ ಧರಿಸುತ್ತಿದ್ದರು. ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸರು 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ವೈದ್ಯರ ತಂಡದೊಂದಿಗೆ ಚೀನಾಕ್ಕೆ ಬಂದರು. ತಂಡದ ಐವರು ವೈದ್ಯರೂ ತಮ್ಮ ಚೀನೀ ಹೆಸರಿನ ಕೊನೆಗೆ ಚೀನಾ ದೇಶವನ್ನು ಸೂಚಿಸುವ ಹುವಾ ಎಂಬ ಅಕ್ಷರವನ್ನು ಸೇರಿಸಿಕೊಂಡರು; ಹಾಗೆ ಕೋಟ್ನಿಸರು ಕೆ ದಿಹುವಾ ಆದರು. ಇಲ್ಲಿಯ ದಾದಿಯೊಬ್ಬರನ್ನು ಅವರು ಮದುವೆಯಾಗಿ, 1942ರಲ್ಲಿ ಗಂಡುಮಗು ಹುಟ್ಟಿದಾಗ ಅದಕ್ಕೆ ಯಿನ್‌ಹುವಾ ಎಂದು ಹೆಸರಿಟ್ಟರು. ಮೊದಲ ಅಕ್ಷರ ಭಾರತ, ಎರಡನೆಯದು ಚೀನಾ. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟ್ನಿಸರು ತೀರಿಕೊಂಡರು.

ಮನೆತನದ ಹೆಸರಿನಲ್ಲಿ ನಮಗೆ ಅದೃಷ್ಟ ಒಲಿದಿತ್ತು. ನಮ್ಮದು ರಾವ್, ಚೀನಾದಲ್ಲಿಯೂ ರಾವ್ ಎಂಬ ಮನೆತನವಿದೆ, ಸೊಂಗ್ ರಾಜವಂಶದ ಕಾಲದಿಂದ ಮಕ್ಕಳು ಬಾಯಿಪಾಠ ಮಾಡುತ್ತ ಬಂದ ನೂರು ಮನೆತನಗಳ ಪಟ್ಟಿಯಲ್ಲಿಯೂ ಅದು ಸೇರಿದೆ. ಸಮೃದ್ಧಿ ಎಂಬುದು ಅದರ ಒಂದು ಅರ್ಥ, ಕ್ಷಮಿಸಿ ಬಿಡುವುದು ಇನ್ನೊಂದು. ಸಂಸ್ಕೃತವನ್ನು ಕಲಿತು 1963ರಲ್ಲಿ ಪುಣೆಯ ಭಂಡಾರ್‌ಕರ್ ಸಂಸ್ಥೆಯಲ್ಲಿ ಅಧ್ಯಯನ ಮಾಡಿದ ಹಾಂಗ್‌ಕಾಂಗಿನ ಮಹಾವಿದ್ವಾಂಸ ರಾವ್ ಜೊಂಗ್‌ಯಿ ಅವರು ಈ ಮನೆತನದವರೆಂದು ತಿಳಿದಾಗ ಆದ ಸಂತೋಷವನ್ನು ನಾನು ಮರೆಯಲಾರೆ. ಬರವಣಿಗೆಯಲ್ಲಿ ಎರಡೂ ಒಂದೇ ಆಗಿ ಕಂಡರೂ ಉಚ್ಚಾರಣೆ ಬೇರೆ. ಚೀನೀ ರಾವ್‌ನ ಮೊದಲ ಧ್ವನಿಗೆ ನಾಲಿಗೆ ಹಿಂದಕ್ಕೆ ಮಡಿಯಬೇಕು; ಹಳಗನ್ನಡದಲ್ಲಿದ್ದು ಈಗ ನಾವು ಕಳೆದುಕೊಂಡಿರುವ ೞಕಾರಕ್ಕೆ ಅದು ಹತ್ತಿರ. ಜೊತೆಗೆ ದನಿ ಕೆಳಗಿನಿಂದ ಮೇಲಕ್ಕೆ ಏರಬೇಕು.

ಸ್ವಂತ ಹೆಸರನ್ನು ಆರಿಸುವ ಕೆಲಸವನ್ನು ನಾವು ಬೇಕೆಂದೇ ತಡಮಾಡಿದೆವು. ನಮಗೆ ಓದಲು ಬಾರದ ಹೆಸರನ್ನು ನಮ್ಮ ಮಕ್ಕಳಿಗೆ ಇಡಬಾರದೆಂಬುದು ನನ್ನ ಹೆಂಡತಿಯ ಹಟವಾಗಿತ್ತು, ಅದು ಸರಿಯಾದ ಹಟವೆಂದು ಈಗಲೂ ನಂಬಿದ್ದೇನೆ. ನಿಘಂಟಿನಲ್ಲಿ ಒಳ್ಳೆಯ ಅರ್ಥದ ಅಕ್ಷರಗಳಿಗೆ ಕೊರತೆಯಿಲ್ಲ; ಆದರೆ ಒಂದೇ ಉಚ್ಚಾರಣೆಗೆ ಹತ್ತಾರು ಅಕ್ಷರಗಳಿರುವ ಭಾಷೆಯಲ್ಲಿ ಕಣ್ಣಿಗೆ ಚೆನ್ನಾಗಿರುವುದು ಕಿವಿಗೆ ಬೇರೆಯದೇ ಆಗಬಹುದು. ಮಗನ ಕನ್ನಡ ಹೆಸರಿಗೆ ಬೆಳಕಿನ ಸಂಬಂಧವಿದೆ. ಸೂರ್ಯ ಚಂದ್ರರನ್ನು ಪಕ್ಕಪಕ್ಕದಲ್ಲಿ ಬರೆದರೆ ಮಿಂಗ್, ಎಂದರೆ ಬೆಳಕು. ಕಲಿಯುವವರೆಲ್ಲರೂ ಮೊದಮೊದಲೇ ಒಲಿಯುವ ಅಕ್ಷರವದು. ನಮ್ಮ ಅಧ್ಯಾಪಕಿ, ಎಂದರೆ ನಾವು ಲಾವ್‌ಷಿ ಎಂದು ಕರೆಯುವವರು, ರಾವ್ ಮತ್ತು ಮಿಂಗ್ ಎರಡನ್ನೂ ಸೇರಿಸಿ ಮೆಲ್ಲಗೆ ಹೇಳಿ ನೋಡಲು ಸೂಚಿಸಿದರು. ದನಿಯ ಏರಿಳಿತ ಸ್ವಲ್ಪ ಬದಲಾದರೆ ಸಾಕು, ಅದು ಪ್ರಾಣಭಿಕ್ಷೆ ಬೇಡುವವನು ಕೂಗುವ ಮಾತಾಗುತ್ತದೆ. ಮಗಳದು ನದಿಯ ಹೆಸರು. ಹೆನಾನ್ ಪ್ರಾಂತ್ಯದ ಒಂದು ನದಿಯ ಹೆಸರಾಗಿರುವ, ಹೆಣ್ಣುಮಕ್ಕಳಿಗೆ ಇಲ್ಲಿ ಪ್ರೀತಿಯಿಂದ ಇಡುವ ಅಕ್ಷರವೊಂದಿತ್ತು. ಅದರ ಉಚ್ಚಾರಣೆ ಛೀ. ಮೈಸೂರಿನಲ್ಲಿರುವ ಅಜ್ಜಿ ಮೊಮ್ಮಗಳನ್ನು ಫೋನಿನಲ್ಲಿ ಹಾಗೆ ಕರೆಯುವುದನ್ನು ಊಹಿಸಲೂ ಆಗಲಿಲ್ಲ. ಹೆಸರು ಎರಡೂ ಕಡೆಯ ಕಿವಿಗಳಿಗೆ ಹಿತವಾಗಬೇಕೆಂಬ ನಿಯಮವನ್ನು ಅಂದು ಮಾಡಿಕೊಂಡೆವು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆಯೇ ಸಂಗತಿ. ಮಗನ ಕನ್ನಡ ಹೆಸರಿನಲ್ಲಿ ನನ್ನ ತಂದೆಯ ಹೆಸರಿದೆಯೆಂದು ತಿಳಿಸಿದಾಗ ಲಾವ್‌ಷಿ ಬಹಳ ಅಚ್ಚರಿಪಟ್ಟರು. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ಗೌರವ. ಇಲ್ಲಿ ಹಿರಿಯರ ಹೆಸರಿನ ಒಂದಕ್ಷರವನ್ನೂ ಕಿರಿಯರ ಹೆಸರಿಗೆ ತಾರದಿರುವುದೇ ಗೌರವ. ಚಕ್ರವರ್ತಿಗಳ ಕಾಲದಲ್ಲಿ ಇದು ಇಡೀ ದೇಶಕ್ಕೆ ಅನ್ವಯಿಸುತ್ತಿತ್ತು. ಬೀಜಿಂಗಿನ ಅರಮನೆಯ ಉತ್ತರದ್ವಾರಕ್ಕೆ ಮೊದಲಿದ್ದ ಷುವಾನ್‌ವು ಎಂಬ ಹೆಸರನ್ನು, ಅದರ ಮೊದಲ ಅಕ್ಷರ ಕಾಂಗ್‌ಶಿ ಚಕ್ರವರ್ತಿಯ ಸ್ವಂತ ಹೆಸರಿನಲ್ಲಿ ಬರುತ್ತದೆಂಬ ಕಾರಣಕ್ಕೆ, ಷೆನ್‌ವು ಎಂದು ಬದಲಾಯಿಸಿದರು. ಇಂದಿಗೂ ಅದೇ ಹೆಸರು ಉಳಿದಿದೆ. ಒಬ್ಬರು ಹೆಸರನ್ನು ಮತ್ತೆ ಕರೆದು ಹಿರಿಯರನ್ನು ಉಳಿಸಿಕೊಳ್ಳುತ್ತಾರೆ, ಇನ್ನೊಬ್ಬರು ಕರೆಯದೆಯೇ ಉಳಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳಿಗೆ ಎರಡೂ ದೊರೆಯಲೆಂದು, ಕನ್ನಡದ ಹೆಸರಿನಲ್ಲಿ ತಾತನನ್ನು ಇರಿಸಿ, ಚೀನೀ ಹೆಸರಿನಲ್ಲಿ ಯಾವ ಹಿರಿಯರ ಹೆಸರಿನ ನೆರಳೂ ಬೀಳದಂತೆ ನೋಡಿಕೊಂಡೆವು.

ಕೆಳಮನೆಯ ಅಜ್ಜಿಯೊಬ್ಬರು ಮಕ್ಕಳು ಹುಟ್ಟಿದ ಗಳಿಗೆಯನ್ನು ವಿಚಾರಿಸಿದರು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳಲ್ಲಿ ಜಾತಕದಲ್ಲಿ ಯಾವುದು ಕಡಿಮೆಯಿದೆಯೋ ಅದರ ಗುರುತುಳ್ಳ ಅಕ್ಷರವನ್ನು ಹೆಸರಿಗೆ ಸೇರಿಸುವ ಪದ್ಧತಿ ಇಲ್ಲಿ ಇನ್ನೂ ಇದೆ. ಅಶ್ವಿನಿ ನಕ್ಷತ್ರಕ್ಕೆ ಚು, ಚೆ, ಚೋ, ಲ ಎಂದು ಮೊದಲಕ್ಷರ ಹುಡುಕುವ ನಮಗೆ ಅದು ಅಪರಿಚಿತವೆನಿಸಲಿಲ್ಲ, ಆದರೆ ನಾವು ಆ ಲೆಕ್ಕ ಹಾಕಿಸಲಿಲ್ಲ. ಅಜ್ಜಿಯ ಇನ್ನೊಂದು ಸಲಹೆಯನ್ನು ಮಾತ್ರ ಕೂಡಲೇ ಒಪ್ಪಿಕೊಂಡೆವು. ಒಂದೇ ಪೀಳಿಗೆಯ ಒಡಹುಟ್ಟಿದವರ, ದಾಯಾದಿಗಳ ಹೆಸರಿನಲ್ಲಿ ಒಂದು ಅಕ್ಷರ ಸಮಾನವಾಗಿರುವುದು ಹಿಂದಿನ ರೂಢಿ. ಕನ್‌ಫ್ಯೂಷಿಯಸ್ ವಂಶದಲ್ಲಿ ಈ ಅಕ್ಷರಗಳ ಸರಣಿಯನ್ನು ಪೀಳಿಗೆಗಳಿಗೆ ಮೊದಲೇ ಗೊತ್ತುಮಾಡಿಟ್ಟಿದ್ದಾರೆ. ಮನೆಗೊಂದೇ ಮಗು ಎಂಬ ನೀತಿ 2015ರವರೆಗೆ ನಡೆದುದರಿಂದ ನಗರಗಳ ಎಷ್ಟೋ ಮನೆಗಳಲ್ಲಿ ಆ ಅಕ್ಷರವನ್ನು ಹಂಚಿಕೊಳ್ಳಲು ಒಡಹುಟ್ಟಿದವರೇ ಇರಲಿಲ್ಲ. ನಿಮಗೆ ಇಬ್ಬರಿದ್ದಾರೆ, ಹಂಚಿಕೊಳ್ಳಲಿ ಎಂದು ಅಜ್ಜಿ ಹೇಳಿದ ಮಾತಿನಲ್ಲಿ ಆಸೆಯಿತ್ತು.

ಇಬ್ಬರಿಗೂ ಸಮಾನವಾಗಿ ಆನ್ ಎಂಬ ಅಕ್ಷರವನ್ನು ಆರಿಸಿದೆವು. ಸೂರಿನ ಕೆಳಗೆ ಒಬ್ಬ ಹೆಂಗಸನ್ನು ಬರೆದರೆ ಆಗುವ ಆ ಅಕ್ಷರಕ್ಕೆ ನೆಮ್ಮದಿ ಎಂದರ್ಥ. ಮಗಳು ರಾವ್ ಆನ್‌ಲಾನ್. ಲಾನ್ ಎಂದರೆ ಅಲೆ. ಎರಡೂ ಸೇರಿದರೆ ನದಿ ಉಕ್ಕದೆ ಶಾಂತವಾಗಿ ಹರಿಯುವುದು. ಸಿಚುವಾನಿನ ದುಜಿಯಾಂಗ್‌ಯಾನ್ ಎಂಬಲ್ಲಿ, ಎರಡು ಸಾವಿರ ವರ್ಷಗಳಿಗೂ ಹಳೆಯದಾದ ನೀರಾವರಿ ಕಟ್ಟೆಯ ಬಳಿಯ ತೂಗುಸೇತುವೆಗೂ ಇದೇ ಹೆಸರಿದೆ. ಮಗ ರಾವ್ ಆನ್‌ಶ್ಯು. ಶ್ಯು ಎಂದರೆ ಮೂಡುತ್ತಿರುವ ಸೂರ್ಯನ ಬೆಳಕು. ಮಗಳ ಹೆಸರು ಬರೆಯಲು 30 ಗೆರೆಗಳು ಬೇಕು, ಮಗನದಕ್ಕೆ 21. ಅಲೆಯ ಅಕ್ಷರವೊಂದಕ್ಕೇ 15 ಗೆರೆಗಳಾಗುವುದರಿಂದ ಶಾಲೆಯ ಮೊದಲ ತರಗತಿಯಲ್ಲಿ ಅವಳಿಗೆ ಶ್ರಮವಾದೀತೆಂದು ಲಾವ್‌ಷಿ ಎಚ್ಚರಿಸಿದರು. ಆದರೂ ಅವಳು ತಾನೇ ಅದನ್ನು ಬೇಕೆಂದು ಹಿಡಿದಳು. ಅವರ ಕನ್ನಡದ ಹೆಸರುಗಳನ್ನು ಇಲ್ಲಿ ಬರೆಯದಿರುವುದು ಅವರ ಖಾಸಗಿತನಕ್ಕಾಗಿ.

ಇಲ್ಲಿಗೆ ಬರಲಿರುವ ಕನ್ನಡಿಗರು ಮನೆತನದ ಹೆಸರಿನ ಬಗ್ಗೆ ಕೇಳುತ್ತಿರುತ್ತಾರೆ. ಹೆಗಡೆಯವರಿಗೆ ಹ, ಗೌಡರಿಗೆ ಗಾವ್, ಶೆಟ್ಟರಿಗೆ ಶ್ಯೆ, ಶೆಣೈಯವರಿಗೆ ಷೆನ್, ಕಾಮತರಿಗೆ ಕಾಂಗ್ ಎಂಬ ನಿಜವಾದ ಚೀನೀ ಮನೆತನಗಳು ಹೊಂದುತ್ತವೆ. ಸ್ವಂತ ಹೆಸರನ್ನು ಮಾತ್ರ ಮುದ್ರಿಸಿ ಅಂಟಿಸುವ ಮೊದಲು, ಆ ಊರಿನಲ್ಲೇ ಹುಟ್ಟಿ ಬೆಳೆದ ಇಬ್ಬರು ಮೂವರಿಂದ ಗಟ್ಟಿಯಾಗಿ ಕೂಗಿಸಿ, ಅವರ ಮುಖವನ್ನು ನೋಡಿಕೊಳ್ಳಿ.