ಮಳೆ ಹೊಳವಾಗುವ ಸಾಧ್ಯತೆ ಎಷ್ಟು?

ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ, ಕಾಯಿ ಕೊಳೆಸುವ ಕೊಳೆರೋಗಕ್ಕೆ ಎರಡನೆಯ ಸುತ್ತಿನ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಸಮಯ ಬಂದಿದೆ. ಮಳೆ ಹೊಳವಾದಾಗ, ಅಂದರೆ ಬಿಡುವು ಕೊಟ್ಟಾಗಲೇ, ಇದನ್ನು ಹೊಡೆಯಬೇಕಾದ್ದರಿಂದ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಯಾವ ದಿನ ಬರಲು ಹೇಳಬೇಕೆಂಬುದೇ ಎಲ್ಲರ ಚಿಂತೆ. ಇಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಕಾಣುವ ಒಂದೇ ಮೋಡದ ಚಿತ್ರವನ್ನು ನಂಬುವುದಕ್ಕಿಂತ ಹಲವು ಮುನ್ಸೂಚನೆಗಳನ್ನು ಒಟ್ಟಿಗೆ ಇಡುವ ಸಮೂಹ ಮುನ್ಸೂಚನೆಯನ್ನು ನೋಡುವುದು ಮೇಲು ಎಂದು ನಾನು ದೃಢವಾಗಿ ನಂಬಿದ್ದೇನೆ. ವಾತಾವರಣದ ಈ ಕ್ಷಣದ ಸ್ಥಿತಿಯನ್ನು ಯಾವ ಉಪಕರಣವೂ ಪೂರ್ತಿ ಕರಾರುವಾಕ್ಕಾಗಿ ಅಳೆಯಲಾರದು, ಆರಂಭದ ಅತ್ಯಲ್ಪ ವ್ಯತ್ಯಾಸವೂ ದಿನ ಕಳೆದಂತೆ ಬೆಳೆದು ಫಲಿತಾಂಶವನ್ನೇ ಬದಲಿಸಬಲ್ಲದು ಎಂಬುದನ್ನು ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1963ರಲ್ಲೇ ತೋರಿಸಿದ್ದರು. ಆದ್ದರಿಂದಲೇ ಆರಂಭದ ಅಂಕಿಗಳನ್ನು ತುಸುವೇ ಬದಲಿಸುತ್ತ ಹವಾಮಾನ ಲೆಕ್ಕ ಹಾಕುವ ಒಂದೇ ಕಂಪ್ಯೂಟರ್ ಮಾದರಿಯನ್ನು ಹಲವು ಬಾರಿ ಓಡಿಸುತ್ತಾರೆ. 2018ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ನೆಲವನ್ನು 12 ಕಿಲೋಮೀಟರಿನ ಚೌಕಗಳಾಗಿ ಲೆಕ್ಕ ಹಾಕುವ ವ್ಯವಸ್ಥೆಯಲ್ಲಿ ಇಂಥ 21 ಸದಸ್ಯ ಮುನ್ಸೂಚನೆಗಳಿದ್ದವು. ಗುರುವಾರಕ್ಕೆ ಬಹುಪಾಲು ಸದಸ್ಯರು ಹೊಳವನ್ನೇ ತೋರಿಸಿದರೆ ಮೈಲುತುತ್ತ, ಸುಣ್ಣ ಕದಡಬಹುದು. ಅರ್ಧಕ್ಕರ್ಧ ಚದುರಿದರೆ ಕಾಯುವುದೇ ಲೇಸು. ಆದರೆ ಆಗುಂಬೆ ಘಾಟಿಯ ಕಡಿದಾದ ಏರಿಳಿತ 12 ಕಿಲೋಮೀಟರಿನ ಚೌಕದೊಳಗೆ ಸರಿಯಾಗಿ ಮೂಡುವುದಿಲ್ಲವಾದ್ದರಿಂದ, ಘಟ್ಟದಂಚಿನಲ್ಲಿ ಎಲ್ಲ ಸದಸ್ಯರೂ ಒಟ್ಟಾಗಿ ತಪ್ಪುವುದುಂಟು. ಹಾಗಿದ್ದರೂ ಶೇಕಡಾವಾರು ಸಾಧ್ಯತೆಯನ್ನು ಹೋಬಳಿ ಮಟ್ಟದಲ್ಲಿ, ಕನ್ನಡದಲ್ಲೇ, ಬೆಳೆಗಾರರ ಕೈಗೆ ಕೊಡಬೇಕು. ಯಾವ ದಿನ ಹೊಡೆಯಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಾರೆ.